ಟಿ.ವಿ. ಬೆನ್ನಿಗೆ ಬೆಳಕು: ಬಣ್ಣದ್ದೋ, ಬಿಳಿಯದ್ದೋ?

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಎಂದೊಡನೆ ಸುತ್ತಲಿನ ಹಳ್ಳಿಗಳ ಜನರಿಗೆ ನೆನಪಾಗುವುದು ಮೃತ್ಯುಂಜಯ ವಿದ್ಯಾಪೀಠ. ಓದಿಗೆ ಹೆಸರಾದ ಇಂಥ ಊರಿನಲ್ಲೂ ಸಂಜೆಯಾದರೆ ಪಡಸಾಲೆಯ ಟಿ.ವಿ.ಗೆ ರಜೆಯಿಲ್ಲ. ದೊಡ್ಡ ತೆರೆಯ ಟಿ.ವಿ.ಯ ಹಿಂದೆಯೇ ಈಗ ಮತ್ತೊಂದು ಆಕರ್ಷಣೆ ಬಂದಿದೆ. ಅದು ಟಿ.ವಿ.ಯ ಬೆನ್ನಿಗೆ ಅಂಟಿಸುವ ಎಲ್‌ಇಡಿ ದೀಪಗಳ ಪಟ್ಟಿ. ತೆರೆಯ ಮೇಲೆ ಸಮುದ್ರ ಮೂಡಿದರೆ ಗೋಡೆಗೆ ನೀಲಿ, ಕ್ರಿಕೆಟ್ ಮೈದಾನ ಮೂಡಿದರೆ ಹಸಿರು. ಮಕ್ಕಳಿಗೆ ಅದು ಬೇಕೇ ಬೇಕು. ತಂದೆ-ತಾಯಿಗೆ ಕಣ್ಣಿನ ಚಿಂತೆ, ಜೊತೆಗೆ ಖರ್ಚಿನ ಚಿಂತೆ. ಇದು ಬರೀ ಷೋಕಿಯೇ? ಅಥವಾ ಇದರಿಂದ ಪ್ರಯೋಜನವೂ ಉಂಟೇ?

ಕಣ್ಣಿನ ಲೆಕ್ಕಾಚಾರ

ಕತ್ತಲಲ್ಲಿ ಟಿ.ವಿ. ನೋಡಿದರೆ ಕಣ್ಣು ಹೋಗುತ್ತದೆ ಎಂದು ಹಿರಿಯರು ಗದರಿಸುವುದುಂಟು. ಅದರಿಂದ ಕಣ್ಣಿಗೆ ಶಾಶ್ವತ ಹಾನಿಯೇನೂ ಆಗದು. ಆದರೆ ಕಣ್ಣು ದಣಿಯುವುದು ನಿಜ. ಕತ್ತಲ ಕೋಣೆಯಲ್ಲಿ ಕಣ್ಣಿನ ಪಾಪೆ ಹಿಗ್ಗಿರುತ್ತದೆ. ಅಷ್ಟರಲ್ಲಿ ತೆರೆಯ ಮೇಲೆ ಪ್ರಖರ ದೃಶ್ಯ ಬಂದರೆ ಅದು ಥಟ್ಟನೆ ಕುಗ್ಗಬೇಕು. ಈ ಹಿಗ್ಗು-ಕುಗ್ಗು ಪದೇ ಪದೇ ನಡೆದಾಗ ಕಣ್ಣುರಿ, ತಲೆನೋವು ಕಾಣಿಸಿಕೊಳ್ಳಬಹುದು. ಟಿ.ವಿ.ಯ ಹಿಂದಿನ ಗೋಡೆಯ ಮೇಲೆ ಸೌಮ್ಯವಾದ ಬೆಳಕು ಇದ್ದರೆ ತೆರೆಗೂ ಕೋಣೆಗೂ ಇರುವ ಅಂತರ ತಗ್ಗುತ್ತದೆ. ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ.

ಚಿತ್ರ ಸಂಕಲನದ ಕೋಣೆಗಳಲ್ಲಿ ಈ ಪದ್ಧತಿ ಮೊದಲಿನಿಂದಲೂ ಇದೆ. ಅಲ್ಲಿ ಬಳಸುವುದು 6500 ಕೆಲ್ವಿನ್‌ನ ಬಿಳಿ ಬೆಳಕು, ಅಂದರೆ ಹಗಲಿನ ಬೆಳಕಿಗೆ ಹತ್ತಿರವಾದದ್ದು. ಅದರ ಪ್ರಖರತೆ ತೆರೆಯ ಅತಿ ಹೆಚ್ಚಿನ ಪ್ರಖರತೆಯ ಸುಮಾರು ಹತ್ತನೇ ಒಂದು ಭಾಗ ಇದ್ದರೆ ಸಾಕು.

ಬಿಳಿಯೇ ಏಕೆ?

ಪ್ಯಾರಿಸ್ಸಿನ ಗೋಬೆಲಿನ್ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಷೆವ್ರಲ್ ಅವರಿಗೆ ಕಪ್ಪು ನೂಲು ಕಳೆಗುಂದಿ ಕಾಣುತ್ತದೆ ಎಂಬ ದೂರು ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ಬೇರೆ ಬಣ್ಣದ ನೂಲು ಕಣ್ಣನ್ನು ಮೋಸಗೊಳಿಸುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣವೂ ನಿರ್ಧರಿಸುತ್ತದೆ ಎಂಬ ಈ ನಿಯಮವನ್ನು ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಪರೀಕ್ಷೆ ನಮ್ಮ ಮನೆಯಲ್ಲೇ ಸಾಧ್ಯ. ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿಯನ್ನು ಹಸಿರು ಬಟ್ಟೆಯ ಮೇಲೆ ಹರವಿ. ಇನ್ನೊಂದು ಹಿಡಿಯನ್ನು ಕೆಂಪು ಬಟ್ಟೆಯ ಮೇಲೆ ಹರವಿ. ಕಾಯಿ ಒಂದೇ ಆದರೂ ಹಸಿರಿನ ಮೇಲೆ ಅದರ ಕೆಂಪು ಎದ್ದು ಕಾಣುತ್ತದೆ.

ಟಿ.ವಿ.ಗೂ ಇದೇ ನಿಯಮ. ಗೋಡೆ ಹಸಿರಾದರೆ ತೆರೆಯ ಮೇಲಿನ ಮುಖಗಳು ಕೆಂಪಿಗೆ ವಾಲಿದಂತೆ ತೋರುತ್ತವೆ. ಬಣ್ಣದ ದೀಪ ದೃಶ್ಯಕ್ಕೆ ರಂಜನೆ ತರುತ್ತದೆ, ನಿಷ್ಠೆಯನ್ನಲ್ಲ. ಬಿಳಿ ಬೆಳಕಾದರೋ ಬಣ್ಣಗಳನ್ನು ಕೆಡಿಸದೆ ತೆರೆಯ ಕಪ್ಪನ್ನು ಇನ್ನಷ್ಟು ಕಪ್ಪಾಗಿ ತೋರಿಸುತ್ತದೆ.

ಮೂರು ಬಗೆ

ಚಿತ್ರಕ್ಕೆ ಹೊಂದುವ ಬೆಳಕನ್ನು ಟಿ.ವಿ.ಯಲ್ಲೇ ಅಳವಡಿಸಿ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಫಿಲಿಪ್ಸ್ ಕಂಪನಿ; ಹೆಸರು ಆಂಬಿಲೈಟ್. ಇಲ್ಲಿ ಟಿ.ವಿ.ಯೇ ಅಂಚಿನ ಬಣ್ಣಗಳನ್ನು ಲೆಕ್ಕ ಹಾಕಿ ದೀಪಗಳಿಗೆ ಆದೇಶ ಕೊಡುತ್ತದೆ. ಹೊಂದಾಣಿಕೆ ಚೊಕ್ಕಟ, ಆದರೆ ಇದಕ್ಕಾಗಿ ಟಿ.ವಿ.ಯನ್ನೇ ಹೊಸದಾಗಿ ಕೊಳ್ಳಬೇಕು.

ಎರಡನೆಯದು ಎಚ್‌ಡಿಎಂಐ ಪೆಟ್ಟಿಗೆ. ಸೆಟ್‌ಟಾಪ್ ಬಾಕ್ಸಿಗೂ ಟಿ.ವಿ.ಗೂ ನಡುವೆ ಕುಳಿತು ಇದು ಬಣ್ಣ ಓದುತ್ತದೆ. ಟಿ.ವಿ.ಯೊಳಗಿನ ಆ್ಯಪ್‌ಗಳಲ್ಲೇ ಸಿನಿಮಾ ನೋಡುವವರಿಗೆ ಇದು ನಿರುಪಯುಕ್ತ, ಏಕೆಂದರೆ ಆ ಚಿತ್ರ ಪೆಟ್ಟಿಗೆಯ ಮೂಲಕ ಹಾದು ಹೋಗುವುದೇ ಇಲ್ಲ.

ಮೂರನೆಯದು ತೆರೆಯ ಎದುರಿಗೆ ಪುಟ್ಟ ಕ್ಯಾಮೆರಾ ಇಡುವ ಬಗೆ. ಯಾವ ಮೂಲದ ಚಿತ್ರಕ್ಕಾದರೂ ನಡೆಯುತ್ತದೆ. ಆದರೆ ಬಣ್ಣದ ನಿಖರತೆ ಕಡಿಮೆ. ಕೋಣೆಯ ಬೇರೆ ದೀಪ ಅದಕ್ಕೆ ಗೊಂದಲ ಉಂಟುಮಾಡಬಹುದು.

ವಿದ್ಯಾರ್ಥಿಗಳಿಗೊಂದು ಲೆಕ್ಕ

43 ಇಂಚಿನ ಟಿ.ವಿ.ಯ ಸುತ್ತಳತೆ ಸುಮಾರು 3 ಮೀಟರ್. ಮೀಟರಿಗೆ 60 ದೀಪಗಳ ಪಟ್ಟಿಯಾದರೆ ಒಟ್ಟು 180 ದೀಪ. ಬಿಡಿಬಿಡಿಯಾಗಿ ಬಣ್ಣ ಬದಲಿಸಬಲ್ಲ ಸಾಮಾನ್ಯ ಎಲ್‌ಇಡಿ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿ ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಅಲ್ಲಿಗೆ 10.8 ಆಂಪಿಯರ್, 5 ವೋಲ್ಟಿಗೆ ಗುಣಿಸಿದರೆ 54 ವ್ಯಾಟ್. ಹಳೆಯ ಮಾದರಿಯ ಯುಎಸ್‌ಬಿ ಕಿಂಡಿ ಕೊಡುವುದು 0.5 ಆಂಪಿಯರ್, ಎಂದರೆ 2.5 ವ್ಯಾಟ್ ಮಾತ್ರ! ಆದ್ದರಿಂದ ಇಂಥ ಪಟ್ಟಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಸಾದಾ ಬಿಳಿ ಪಟ್ಟಿಗಳಲ್ಲಿ ಕೆಲವು ಯುಎಸ್‌ಬಿಯಿಂದಲೇ ಉರಿಯುತ್ತವೆ. ಕೊಳ್ಳುವ ಮುನ್ನ ಪೊಟ್ಟಣದ ಮೇಲಿನ ಅಂಕಿಯನ್ನು ಟಿ.ವಿ.ಯ ಕಿಂಡಿಯ ಅಂಕಿಯೊಡನೆ ಹೋಲಿಸಿ ನೋಡುವುದು ಲೇಸು.

ಪಾಲಕರು ಗಮನಿಸಬೇಕಾದ್ದು

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗುವ ದೃಶ್ಯವಿತ್ತು. ಅಂದು ಆರು ನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮಿನುಗುವ ಬೆಳಕಿನಿಂದ ಅಪಸ್ಮಾರ, ಅಂದರೆ ಮೂರ್ಛೆರೋಗ, ಕೆರಳುವ ಮಕ್ಕಳು ಇದ್ದಾರೆ. ಮಿನುಗುವ ಪ್ರದೇಶ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಚಿತ್ರದೊಡನೆ ಬದಲಾಗುವ ದೀಪ ಇಡೀ ಗೋಡೆಯನ್ನೇ ಮಿನುಗಿಸಬಲ್ಲದು. ಮೂರ್ಛೆಯ ತೊಂದರೆ ಇರುವ ಮಗು ಮನೆಯಲ್ಲಿದ್ದರೆ ಈ ದೀಪದ ಗೊಡವೆಗೆ ಹೋಗದೆ, ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು. ಉಳಿದವರೂ ಬದಲಾವಣೆಯ ವೇಗವನ್ನು ನಿಧಾನಕ್ಕೆ, ಪ್ರಖರತೆಯನ್ನು ಕನಿಷ್ಠಕ್ಕೆ ಇಟ್ಟುಕೊಂಡರೆ ಕಣ್ಣಿಗೆ ಹಿತ.

ಗೋಡೆಯನ್ನೂ ನೋಡಿ

ದೀಪ ಎಷ್ಟೇ ಒಳ್ಳೆಯದಿರಲಿ, ಬಣ್ಣದ ಕೊನೆಯ ತೀರ್ಮಾನ ಗೋಡೆಯದು. ನಮ್ಮ ಹಲವು ಮನೆಗಳಂತೆ ಗೋಡೆಗೆ ತಿಳಿಹಸಿರು ಅಥವಾ ನೀಲಿ ಬಳಿದಿದ್ದರೆ ಬಿಳಿ ಬೆಳಕೂ ಅದೇ ಛಾಯೆ ಪಡೆಯುತ್ತದೆ. ಬಿಳಿ ಅಥವಾ ಬೂದು ಗೋಡೆಯೇ ಉತ್ತಮ. ಟಿ.ವಿ. ಷೋಕೇಸಿನೊಳಗೆ ಹುದುಗಿದ್ದರೆ ಬೆಳಕು ಹರಡಲು ಜಾಗವೇ ಇರುವುದಿಲ್ಲ. ಅಲ್ಲಿ ದೀಪದ ಪಟ್ಟಿ ದಂಡ.

ಮಕ್ಕಳ ಓದು, ಊಟ, ಟಿ.ವಿ. ಎಲ್ಲವೂ ಒಂದೇ ಪಡಸಾಲೆಯಲ್ಲಿ ನಡೆಯುವ ಮನೆಗೆ ಸ್ಥಿರವಾದ ಬಿಳಿ ಬೆಳಕೇ ಯೋಗ್ಯ. ಗೋಡೆಯ ಮೇಲೆ ಕ್ಷಣಕ್ಷಣಕ್ಕೂ ಬಣ್ಣ ಕುಣಿಯುತ್ತಿದ್ದರೆ, ಟಿ.ವಿ.ಗೆ ಬೆನ್ನು ಹಾಕಿ ಕುಳಿತ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಯ ಪುಸ್ತಕದ ಮೇಲೂ ಅದು ಕುಣಿಯುತ್ತದೆ. ಟಿ.ವಿ.ಗೆ ಬೇರೆ ಕೋಣೆ ಇದ್ದು, ಕೈಯಲ್ಲಿ ಹಣವೂ ಇದ್ದರೆ ಬಣ್ಣದ ಬೆಳಕಿಗೆ ಅಡ್ಡಿಯಿಲ್ಲ. ಆದರೆ ಓದುವ ಮೇಜಿಗೆ ಇನ್ನೂ ಒಳ್ಳೆಯ ದೀಪವಿಲ್ಲದ ಮನೆಯಲ್ಲಿ, ಮೊದಲ ದೀಪ ಅಲ್ಲಿಗೇ ಬರಬೇಕು.