ಸಾವಿರದ ಐನೂರರ ಲೆಕ್ಕ

ಭೂಪಟವನ್ನು ಬಿಡಿಸಿ, ಆಸ್ಟ್ರೇಲಿಯದ ಈಶಾನ್ಯಕ್ಕೆ, ಭೂಮಧ್ಯರೇಖೆಯ ತುಸು ಕೆಳಗೆ ಬೆರಳಿಟ್ಟು ಹುಡುಕಿದರೆ ನೌರು ಎಂಬ ಹೆಸರು ಸಿಕ್ಕೀತು. ಹೆಸರು ಸಿಕ್ಕುತ್ತದೆ, ದ್ವೀಪ ಕಾಣುವುದಿಲ್ಲ. ಅದರ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು. ಬೆಳಗಿನ ಕಾಫಿ ಮುಗಿಸಿ ಕಡಲತೀರದ ದಾರಿ ಹಿಡಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ದೇಶವನ್ನು ಪ್ರದಕ್ಷಿಣೆ ಮಾಡಿ ಹೊರಟಲ್ಲಿಗೇ ಬಂದು ನಿಲ್ಲಬಹುದು. ಇಷ್ಟು ಪುಟ್ಟ ನೆಲದ ಕಥೆ ನಮಗೇಕೆ ಎಂದು ವಾಚಕರು ಕೇಳಬಹುದು. ಎರಡನೆಯ ಮಹಾಯುದ್ಧದ ಚರಿತ್ರೆಯಲ್ಲಿ ನಾವು ಓದುವುದೆಲ್ಲ ಹಡಗುಗಳ ಲೆಕ್ಕ, ವಿಮಾನಗಳ ಲೆಕ್ಕ, ಸೇನಾಪತಿಗಳ ಹೆಸರು. ಪರದೇಶದ ದಂಡು ಬಂದು ಮನೆಯಂಗಳದಲ್ಲೇ ಬೀಡುಬಿಟ್ಟಾಗ ಅಲ್ಲಿನ ಹೆಂಗಸರು, ಮಕ್ಕಳು, ಮುದುಕರು ಹೇಗೆ ದಿನ ನೂಕಿದರೆಂಬುದನ್ನು ತಿಳಿಯಬೇಕಾದರೆ ಇಂಥ ಚಿಕ್ಕ ಊರನ್ನೇ ನೋಡಬೇಕು. ದೊಡ್ಡ ದೇಶದಲ್ಲಿ ಸತ್ತವರು ಅಂಕಿಗಳಾಗಿ ಹೋಗುತ್ತಾರೆ. ನೌರುವಿನಲ್ಲಿ ಒಬ್ಬೊಬ್ಬರನ್ನೂ ಎಣಿಸುತ್ತಿದ್ದರು.

ಎಣಿಸುತ್ತಿದ್ದರೆಂಬುದು ಅಲಂಕಾರದ ಮಾತಲ್ಲ. 1920ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರ ದ್ವೀಪದ ಮನೆಮನೆಯಲ್ಲೂ ಬಲಿ ತೆಗೆದುಕೊಂಡಿತ್ತು. ನೌರು ಜನಾಂಗ ಉಳಿಯಬೇಕಾದರೆ ಕನಿಷ್ಠಪಕ್ಷ 1,500 ಮಂದಿಯಾದರೂ ಇರಬೇಕೆಂದು ಆಗ ಗೊತ್ತುಮಾಡಿದರು. ಅಲ್ಲಿಂದ ಮುಂದೆ ಹುಟ್ಟಿದ ಪ್ರತಿಯೊಂದು ಕೂಸೂ ಊರಿನ ಲೆಕ್ಕಕ್ಕೆ ಸೇರಿತು. 1932ರ ಅಕ್ಟೋಬರ್ 26ರಂದು ಹುಟ್ಟಿದ ಒಂದು ಹೆಣ್ಣು ಶಿಶುವಿನಿಂದ ಲೆಕ್ಕ 1,500 ಮುಟ್ಟಿತು; ದ್ವೀಪವೆಲ್ಲ ಹಬ್ಬ ಮಾಡಿತು. ಆ ಹಬ್ಬದ ಹೆಸರು ಅಂಗಾಮ್. ಗುರಿ ಮುಟ್ಟುವುದು, ಮನೆಗೆ ಮರಳುವುದು, ಎರಡು ಅರ್ಥವೂ ಆ ಒಂದೇ ಪದಕ್ಕುಂಟು. ಇನ್ನು ಹತ್ತೇ ವರ್ಷಗಳಲ್ಲಿ ಈ ಎರಡನೆಯ ಅರ್ಥವೇ ಅವರ ಪಾಲಿಗೆ ಮುಖ್ಯವಾಗಲಿದೆಯೆಂದು ಆ ದಿನ ಯಾರು ಬಲ್ಲರು?

ಇಷ್ಟು ಚಿಕ್ಕ ದ್ವೀಪದ ಮೇಲೆ ಸಾಮ್ರಾಜ್ಯಗಳ ಕಣ್ಣು ಬೀಳಲು ಕಾರಣ ಅಲ್ಲಿನ ಮಣ್ಣು. ಒಳನಾಡೆಲ್ಲ ಉತ್ಕೃಷ್ಟವಾದ ಫಾಸ್ಫೇಟು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹೊಲಗಳಿಗೆ ಗೊಬ್ಬರ ಇಲ್ಲಿಂದಲೇ ಹೋಗುತ್ತಿತ್ತು. ಮೊದಲು ಜರ್ಮನರ ಕೈಯಲ್ಲಿದ್ದ ದ್ವೀಪ 1914ರಲ್ಲಿ ಆಸ್ಟ್ರೇಲಿಯದವರ ಕೈಸೇರಿತು. 1940ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳು ಸಮೀಪದಲ್ಲೇ ಐದು ಹಡಗುಗಳನ್ನು ಮುಳುಗಿಸಿ, ದಡದ ಯಂತ್ರಗಳ ಮೇಲೆ ಗುಂಡು ಹಾರಿಸಿ ಹೋದವು. ಮುಂದೆ ಜಪಾನು ಯುದ್ಧಕ್ಕಿಳಿಯಿತು. 1942ರ ಫೆಬ್ರವರಿಯಲ್ಲಿ ಒಂದು ಫ್ರೆಂಚ್ ನೌಕೆ ಬಂದು ಬಿಳಿಯರಲ್ಲಿ ಹೆಚ್ಚಿನವರನ್ನೂ ಚೀನೀ ಕೂಲಿಗಳಲ್ಲಿ ಬಹುಮಂದಿಯನ್ನೂ ಹತ್ತಿಸಿಕೊಂಡು ಹೋಯಿತು. ನೌರುವಿನ ಜನ ಎಲ್ಲಿಗೆ ಹೋಗಬೇಕು? ಅವರು ಇದ್ದಲ್ಲೇ ಇದ್ದರು. ಅವರೊಂದಿಗೆ ಆಡಳಿತಾಧಿಕಾರಿ ಕರ್ನಲ್ ಚಾಮರ್ಸ್, ಮತ್ತೆ ನಾಲ್ವರು ಆಸ್ಟ್ರೇಲಿಯನರು, ಇಬ್ಬರು ಕ್ರೈಸ್ತ ಪಾದ್ರಿಗಳು ಉಳಿದರು.

1942ರ ಆಗಸ್ಟ್ ತಿಂಗಳ ಕೊನೆಯಲ್ಲಿ ಜಪಾನೀ ದಂಡು ಇಳಿಯಿತು. ಆ ಆಡಳಿತದ ರೀತಿ ನಮ್ಮ ದೇಶದವರಿಗೆ ತೀರ ಅಪರಿಚಿತವಲ್ಲ. ಅದೇ ವರ್ಷದ ಮಾರ್ಚಿಯಿಂದ 1945ರ ವರೆಗೆ ನಮ್ಮ ಅಂಡಮಾನ್ ದ್ವೀಪಗಳೂ ಜಪಾನೀಯರ ವಶದಲ್ಲಿದ್ದು, ಗೂಢಚಾರರೆಂಬ ಬರಿಯ ಸಂಶಯದ ಮೇಲೆ ಅಲ್ಲಿ ಎಷ್ಟೋ ನಿರಪರಾಧಿಗಳು ಪ್ರಾಣ ತೆತ್ತರು. ನೌರುವಿನಲ್ಲಿ ದಂಡಿಗೆ ಬೇಕಾಗಿದ್ದುದು ವಿಮಾನ ನಿಲ್ದಾಣ. ಸಮತಟ್ಟಾದ ನೆಲವಿದ್ದುದು ಕಡಲಂಚಿನಲ್ಲಿ ಮಾತ್ರ. ಜನರ ಮನೆಗಳೂ ತೆಂಗಿನ ಮರಗಳೂ ಇದ್ದುದು ಅಲ್ಲೇ. ಮನೆ ಕಿತ್ತರು, ಮರ ಕಡಿದರು. ಜಪಾನಿನಿಂದಲೂ ಕೊರಿಯದಿಂದಲೂ ತಂದ ಕೂಲಿಗಳೊಡನೆ ನೌರುವಿನ ಗಂಡಸರೂ ಕಲ್ಲು ಹೊತ್ತರು. ಅವರ ಬೆವರಿನಿಂದಾದ ಆ ಓಟದಾರಿ ಇದ್ದ ಜಾಗದಲ್ಲೇ ಇಂದಿನ ನೌರು ವಿಮಾನ ನಿಲ್ದಾಣವಿದೆ.

1943ರ ಮಾರ್ಚ್ 25ರಂದು ಅಮೆರಿಕದ ವಿಮಾನಗಳು ಆ ನಿಲ್ದಾಣದ ಮೇಲೆ ಬಾಂಬು ಸುರಿದವು. ಆ ರಾತ್ರಿಯೇ ಚಾಮರ್ಸರನ್ನೂ ಉಳಿದ ನಾಲ್ವರು ಆಸ್ಟ್ರೇಲಿಯನರನ್ನೂ ಕೊಂದುಹಾಕಿದರು. ಜನರ ಮಧ್ಯೆ ಉಳಿಯುತ್ತೇವೆಂದು ನಿಂತವರ ಗತಿ ಹೀಗಾಯಿತು.

ದಂಡು ಬೆಳೆದಂತೆ ಅನ್ನ ಸಾಲದಾಯಿತು. ಮಳೆ ನೆಚ್ಚಲಾರದ ನೆಲ, ಗದ್ದೆಯಿಲ್ಲ. ಅಕ್ಕಿ ಹಡಗಿನಲ್ಲೇ ಬರಬೇಕು. ತಿನ್ನುವ ಬಾಯಿಗಳನ್ನು ಕಡಿಮೆ ಮಾಡಬೇಕೆಂದು ಅಧಿಕಾರಿಗಳು ಯೋಚಿಸಿದರು. ಕಡಿಮೆಯಾದದ್ದು ಊರಿನವರ ಬಾಯಿಗಳು. 1943ರ ಜೂನ್ ಕೊನೆಯಿಂದ ಆಗಸ್ಟಿನೊಳಗೆ 1,200 ಮಂದಿ ನೌರು ಜನರನ್ನು ಹಡಗಿಗೇರಿಸಿ, ಸಾವಿರದ ಐನೂರು ಕಿಲೋಮೀಟರಿಗೂ ದೂರದ, ಆಗ ಟ್ರಕ್ ಎಂದು ಕರೆಯುತ್ತಿದ್ದ ಚೂಕ್ ದ್ವೀಪಗಳಿಗೆ ಸಾಗಿಸಿದರು. ಇಬ್ಬರು ಪಾದ್ರಿಗಳೂ ಜೊತೆಗೆ ಹೋದರು. ಮುಖ್ಯ ನಾಯಕ ತಿಮೋತಿ ಡೆಟುಡಾಮೊ ತನ್ನ ಜನದೊಂದಿಗೇ ಇದ್ದ. ನೌರುವಿನಲ್ಲಿ ಉಳಿದವರು ಸುಮಾರು 600. ಸಾಲದೆಂಬಂತೆ, ನೆರೆಯ ಬನಾಬಾ ದ್ವೀಪದವರನ್ನು ಅವರ ಊರಿನಿಂದ ಕಿತ್ತು ಇಲ್ಲಿಗೆ ತಂದು ಹಾಕಿದರು. ಒಂದು ಊರಿನವರನ್ನು ಮತ್ತೊಂದಕ್ಕೆ, ಅಲ್ಲಿನವರನ್ನು ಮಗದೊಂದಕ್ಕೆ, ಚದುರಂಗದ ಕಾಯಿಗಳಂತೆ.

ಇದೇ ಅವಧಿಯಲ್ಲಿ ನಡೆದ ಒಂದು ಕೃತ್ಯವನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಬರೆಯದೆ ಬಿಡುವುದೂ ನ್ಯಾಯವಲ್ಲ. ದ್ವೀಪದಲ್ಲಿ ಕುಷ್ಠರೋಗಿಗಳಿಗೆ ಬೇರೊಂದು ವಸತಿಯಿತ್ತು. 1943ರ ಜುಲೈ ತಿಂಗಳಲ್ಲಿ ಅಲ್ಲಿದ್ದ 39 ಮಂದಿಯನ್ನು ಬೇರೆ ದ್ವೀಪಕ್ಕೆ ಕಳುಹಿಸುವುದಾಗಿ ಹೇಳಿ ದೋಣಿ ಹತ್ತಿಸಿದರು. ದೋಣಿಯನ್ನು ನಡುಗಡಲಿಗೆ ಎಳೆದೊಯ್ದು ಮುಳುಗಿಸಿದರು. ನಿಜ ಸಂಗತಿ ಜನರಿಗೆ ಖಚಿತವಾಗಿ ತಿಳಿದದ್ದು ಯುದ್ಧ ಮುಗಿದ ಮೇಲೆ.

ಅಮೆರಿಕದವರು ನೌರುವನ್ನು ಮುತ್ತದೆ, 1943ರ ನವೆಂಬರಿನಲ್ಲಿ ಟರಾವಾ ಮೊದಲಾದ ದ್ವೀಪಗಳನ್ನು ಗೆದ್ದು ಮುಂದೆ ಸಾಗಿದರು. ನೌರುವಿಗೆ ಬಿಡುಗಡೆಯೂ ಇಲ್ಲ, ಅಕ್ಕಿಯ ಹಡಗೂ ಇಲ್ಲ. ಮೇಲಿನಿಂದ ಬಾಂಬು ಮಾತ್ರ ತಪ್ಪಲಿಲ್ಲ. ಮಣ್ಣು ಸಾಲದುದರಿಂದ ಎಣ್ಣೆಯ ಪೀಪಾಯಿಗಳನ್ನು ಕತ್ತರಿಸಿ, ಅವುಗಳಲ್ಲಿ ಮನುಷ್ಯರ ಮಲವನ್ನೇ ಗೊಬ್ಬರವಾಗಿ ತುಂಬಿ ಕುಂಬಳದ ಬಳ್ಳಿ ಹಬ್ಬಿಸಿದರು. ಕುಂಬಳವೇನೋ ಫಲಿಸಿತು, ಜೊತೆಗೆ ನೊಣ ಹೆಚ್ಚಿ ಆಮಶಂಕೆ ಹರಡಿತು. ತೆಂಗಿನ ಕಳ್ಳು, ಹವಳದ ದಿಬ್ಬದ ಮೀನು, ಕುಂಬಳಕಾಯಿ, ಇವೇ ಆಹಾರ. ಜಪಾನೀ ಸಿಪಾಯಿಗಳೂ ಕೊರಿಯದ ಕೂಲಿಗಳೂ ಹಸಿದರು, ಸತ್ತರು, ಹಸಿವಿಗೆ ಜಾತಿಯಿಲ್ಲ. ಆದರೆ ಯಾರ ತಟ್ಟೆಗೆ ಮೊದಲು ಬೀಳಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಬಂದೂಕು ಹಿಡಿದವರು.

ಟ್ರಕ್‌ಗೆ ಹೋದವರ ಸ್ಥಿತಿ ಇದಕ್ಕಿಂತ ಕಠಿಣ. ಅದು ಜಪಾನೀ ನೌಕಾಪಡೆಯ ದೊಡ್ಡ ಠಾಣ್ಯ. 1944ರ ಫೆಬ್ರವರಿಯಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸಿದವು. ಆಮೇಲೆ ಅಲ್ಲಿಗೂ ಅಕ್ಕಿ ಬರುವುದು ನಿಂತಿತು. ಪರಸ್ಥಳದಲ್ಲಿ ಮೀನಿನ ಹಕ್ಕಿಲ್ಲ, ಮರದ ಹಕ್ಕಿಲ್ಲ. ದುಡಿತ ಮಾತ್ರ ಉಂಟು. ಹಸಿವು, ರೋಗ, ಬಾಂಬುಗಳಿಂದ ಒಬ್ಬೊಬ್ಬರೇ ತೀರಿಕೊಂಡರು.

1945ರ ಸೆಪ್ಟೆಂಬರ್ 13ರಂದು ನೌರುವಿನ ಜಪಾನೀ ಸೇನೆ ಆಸ್ಟ್ರೇಲಿಯದವರಿಗೆ ಶರಣಾಯಿತು. 1946ರ ಜನವರಿ 31ರಂದು ಟ್ರಕ್‌ನಿಂದ ಬಂದ ಹಡಗು ದ್ವೀಪದ ಮುಂದೆ ನಿಂತಿತು. ಹೋದವರು 1,200, ಇಳಿದವರು 737. ಕಡತಗಳ ನಡುವೆ ಕುಳಿತು ಜಮಾ-ಖರ್ಚು ತಾಳೆ ನೋಡುವುದೇ ಉದ್ಯೋಗವಾದ ನಮ್ಮಂಥವರಿಗೂ ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕಳೆಯಲು ಕೈಬಾರದು. ದಡದಲ್ಲಿ ನಿಂತಿದ್ದವರಲ್ಲಿ ಅಂದು ತಮ್ಮವರನ್ನು ಕಾಣದೆ ಮನೆಗೆ ನಡೆದವರೆಷ್ಟು ಮಂದಿಯೋ! ಜನಸಂಖ್ಯೆ ಮತ್ತೆ 1,500ಕ್ಕಿಂತ ಕೆಳಗಿಳಿದಿತ್ತು. ಹತ್ತೊಂಬತ್ತು ವರ್ಷಗಳ ಹಿಂದಿನ ಮಾತಲ್ಲ, ಕೇವಲ ಹದಿಮೂರೇ ವರ್ಷಗಳ ಹಿಂದೆ ಹಬ್ಬ ಮಾಡಿದ್ದ ಜನ ಮತ್ತೆ ಮೊದಲಿನಿಂದ ಎಣಿಸತೊಡಗಿದರು. 1949ರಲ್ಲಿ ಇನ್ನೊಂದು ಕೂಸು ಹುಟ್ಟಿ, ಲೆಕ್ಕ ಎರಡನೆಯ ಸಲ 1,500 ಮುಟ್ಟಿತು.

ಫಾಸ್ಫೇಟು ಮುಗಿದ ಮೇಲೆ ದ್ವೀಪ ವಾಸಕ್ಕೆ ಯೋಗ್ಯವಾಗಿ ಉಳಿಯದೆಂದು ಆಸ್ಟ್ರೇಲಿಯವು ಕ್ವೀನ್ಸ್‌ಲೆಂಡಿನ ಕರಾವಳಿಯ ಕರ್ಟಿಸ್ ದ್ವೀಪವನ್ನು ಅವರಿಗೆ ಕೊಡಮುಂದಾಯಿತು. ತಮ್ಮದೇ ಆಡಳಿತವಿಲ್ಲದ ಆ ನೆಲವನ್ನು ನೌರುವಿನವರು 1964ರಲ್ಲಿ ಬೇಡವೆಂದರು. ಮಾತುಕತೆಯಲ್ಲಿ ಅವರ ಮುಂದಾಳಾಗಿದ್ದ ಹ್ಯಾಮರ್ ಡಿರೋಬರ್ಟ್ ಸ್ವತಃ ಟ್ರಕ್‌ನಿಂದ ಬದುಕಿ ಬಂದವರು. ಒಮ್ಮೆ ಹಡಗು ಹತ್ತಿ ಹೋದವರಿಗೆ ಇನ್ನೊಮ್ಮೆ ಹತ್ತಿರೆಂದರೆ ಮನಸ್ಸು ಹೇಗೆ ಬಂದೀತು?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿರುವ ನಮಗೂ ಊರಿನ ನೆನಪು ಕಾಡುತ್ತದೆ. ಆದರೆ ನಾವು ಬಂದದ್ದು ನಮ್ಮ ಇಚ್ಛೆಯಿಂದ. ಬೇಸಗೆಯ ರಜೆಗೆ ರೈಲು ಚೀಟಿ ಕೊಂಡರೆ ಊರು ಅಲ್ಲೇ ಇರುತ್ತದೆ. ಆ ಭಾಗ್ಯ ಎಷ್ಟು ದೊಡ್ಡದೆಂಬುದು ನೌರುವಿನ ಕಥೆ ಓದುವವರೆಗೆ ನಮಗೆ ತೋಚಿರಲಿಲ್ಲ.

ನೌರುವಿನ ಜನಸಂಖ್ಯೆ ಇಂದು ಹತ್ತು ಸಾವಿರವನ್ನು ದಾಟಿದೆ. ಅಕ್ಟೋಬರ್ 26ರಂದು ಈಗಲೂ ಅಂಗಾಮ್ ಆಚರಿಸುತ್ತಾರೆ. 1968ರಲ್ಲಿ ಸ್ವಾತಂತ್ರ್ಯ ಕೈಗೂಡಿದಾಗ ಡಿರೋಬರ್ಟರೇ ಮೊದಲ ಅಧ್ಯಕ್ಷರಾದರು. ಸ್ವಾತಂತ್ರ್ಯದ ದಿನವಾಗಿ ಆ ಜನ ಆರಿಸಿಕೊಂಡದ್ದು ಜನವರಿ 31ನ್ನು, 737 ಮಂದಿ ಮನೆಗೆ ಮರಳಿದ ದಿನವನ್ನು.