ಡಿವೈಡಿಂಗ್ ಹೆಡ್: ಕೊಳ್ಳುವ ಮುನ್ನ 40 ಸುತ್ತು ತಿರುಗಿಸಿ ನೋಡಿ

ಕಮ್ಮನಹಳ್ಳಿ: ಕಮ್ಮನಹಳ್ಳಿ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ಮುಖ್ಯರಸ್ತೆಯ ತಿಂಡಿ ಅಂಗಡಿಗಳು, ಬಟ್ಟೆ ಮಳಿಗೆಗಳು. ಆದರೆ ಬೆಂಗಳೂರಿನ ಈ ಪೂರ್ವ ಭಾಗ ದೊಡ್ಡ ಕಾರ್ಖಾನೆಗಳ ನೆರೆಯಲ್ಲಿ ಬೆಳೆದದ್ದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಸ್ಥಾಪನೆಯಾದವು. ಎನ್‌ಜಿಇಎಫ್ ಮುಚ್ಚಿ ವರ್ಷಗಳೇ ಕಳೆದಿವೆ. ಆದರೂ ಲೇತ್, ಮಿಲ್ಲಿಂಗ್ ಯಂತ್ರಗಳನ್ನು ನಂಬಿ ಜಾಬ್‌ವರ್ಕ್ ಮಾಡುವ ಸಣ್ಣ ಕಾರ್ಯಾಗಾರಗಳು ನಗರದಲ್ಲಿ ಇನ್ನೂ ಉಳಿದಿವೆ.

ಇಂಥ ಕಾರ್ಯಾಗಾರಕ್ಕೆ ಗಿರಾಕಿಯೊಬ್ಬರು 27 ಹಲ್ಲುಗಳ ಮುರಿದ ಗೇರ್ ಹಿಡಿದು ಬಂದರೆನ್ನಿ. ಯಂತ್ರ ಹಳೆಯದು, ಬಿಡಿಭಾಗ ಸಿಗುವುದಿಲ್ಲ, ಹೊಸದನ್ನು ಕೊರೆದೇ ಕೊಡಬೇಕು. ಮಿಲ್ಲಿಂಗ್ ಯಂತ್ರ ಒಂದು ಹಲ್ಲಿನ ಸಂದನ್ನು ಚೆನ್ನಾಗಿಯೇ ಕೊರೆಯುತ್ತದೆ. ಮುಂದಿನ ಸಂದು ಎಲ್ಲಿ ಬರಬೇಕೆಂಬುದು ಮಾತ್ರ ಅದಕ್ಕೆ ತಿಳಿಯದು. ಅದನ್ನು ತಿಳಿಸುವ ಉಪಕರಣವೇ ಡಿವೈಡಿಂಗ್ ಹೆಡ್. ಲೆಕ್ಕ ತಪ್ಪಿದರೆ ತಪ್ಪು ಗೋಚರಿಸುವುದು ಕೊನೆಯ ಹಲ್ಲಿನಲ್ಲಿ. ಅಷ್ಟರಲ್ಲಿ ಉಕ್ಕೂ ದಿನದ ಕೂಲಿಯೂ ಕೈಬಿಟ್ಟಿರುತ್ತವೆ.

ಒಳಗೇನಿದೆ?

ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ರೂಪಿಸಿದರು. ಡ್ರಿಲ್ ಬಿಟ್‌ಗಳ ಸುರುಳಿ ಗಾಡಿಗಳನ್ನು ಯಂತ್ರದಲ್ಲೇ ಕೊರೆಯುವುದು ಅದರ ಮೊದಲ ಉದ್ದೇಶ. ಡಿವೈಡಿಂಗ್ ಹೆಡ್ ಆ ಯಂತ್ರದ ಅಂಗವಾಗಿಯೇ ಬಂದಿತು.

ಅದರ ಒಡಲಿನಲ್ಲಿ ಒಂದು ವರ್ಮ್, ಅದಕ್ಕೆ ಕಚ್ಚಿಕೊಂಡ 40 ಹಲ್ಲುಗಳ ಚಕ್ರ ಇರುತ್ತವೆ. ಹಿಡಿಯನ್ನು 40 ಸುತ್ತು ತಿರುಗಿಸಿದರೆ ಸ್ಪಿಂಡಲ್ ಒಂದು ಸುತ್ತು ಬರುತ್ತದೆ. ಆದ್ದರಿಂದ ಸೂತ್ರ ಸರಳ: 40ನ್ನು ಬೇಕಾದ ಭಾಗಗಳ ಸಂಖ್ಯೆಯಿಂದ ಭಾಗಿಸಬೇಕು. 20 ಹಲ್ಲುಗಳಿಗೆ ತಲಾ 2 ಸುತ್ತು. 27 ಹಲ್ಲುಗಳಿಗೆ ಒಂದು ಪೂರ್ಣ ಸುತ್ತು ಹಾಗೂ ಇನ್ನೊಂದು ಸುತ್ತಿನ 27ರಲ್ಲಿ 13 ಭಾಗ. ಈ ಉಳಿಕೆ ಭಾಗವನ್ನು ಅಳೆಯಲೆಂದೇ ಇಂಡೆಕ್ಸ್ ಪ್ಲೇಟಿನಲ್ಲಿ ರಂಧ್ರಗಳ ವರ್ತುಲಗಳಿರುತ್ತವೆ. ಬ್ರೌನ್ ಅಂಡ್ ಶಾರ್ಪ್ ಮಾದರಿಯ 3 ಪ್ಲೇಟುಗಳಲ್ಲಿ 15ರಿಂದ 49ರವರೆಗಿನ 18 ವರ್ತುಲಗಳಿದ್ದು, ಅವುಗಳಿಂದ 50ರವರೆಗಿನ ಎಲ್ಲ ಸಂಖ್ಯೆಗಳನ್ನೂ ಸಾಧಿಸಬಹುದು.

ಹೊಸಬರು ಎಡವುವುದು ಎಣಿಕೆಯಲ್ಲಿ. 13 ಎಂದರೆ ರಂಧ್ರಗಳ ನಡುವಿನ 13 ಅಂತರಗಳು. ಪಿನ್ ಕುಳಿತಿರುವ ರಂಧ್ರ ಸೊನ್ನೆ, ಅದರ ಮುಂದಿನದು ಒಂದು. ಕುಳಿತ ರಂಧ್ರವನ್ನೇ ಒಂದೆಂದು ಎಣಿಸಿದರೆ 12 ಅಂತರಗಳಷ್ಟೇ ಸರಿಯುತ್ತವೆ. ಪ್ರತಿ ಹಲ್ಲಿಗೆ ಬೇಕಾದ 13 ಡಿಗ್ರಿ 20 ಮಿನಿಟಿನ ಬದಲು 13 ಡಿಗ್ರಿ ಮಾತ್ರ ತಿರುಗುತ್ತದೆ. ಒಂದೊಂದು ಹಲ್ಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಆದರೆ 26 ಬಾರಿ ಸರಿದ ಮೇಲೆ ಉಳಿಯುವ ಜಾಗ 22 ಡಿಗ್ರಿ. ಕೊನೆಯ ಹಲ್ಲು ದಪ್ಪವಾಗಿ ಗೇರ್ ಗುಜರಿ ಸೇರುತ್ತದೆ. ಪ್ರತಿ ಸಲ ಎಣಿಸುವ ತಾಪತ್ರಯ ತಪ್ಪಿಸಲು ಪ್ಲೇಟಿನ ಮೇಲೆ ಸೆಕ್ಟರ್ ಎಂಬ ಎರಡು ತೋಳುಗಳಿವೆ. 13 ಅಂತರಗಳಿಗೆ ಅವುಗಳ ನಡುವೆ 14 ರಂಧ್ರಗಳು ಕಾಣಬೇಕು.

ಕೊಳ್ಳುವಾಗ

ಮೊದಲು ಕೆಲಸವನ್ನು ನಿರ್ಧರಿಸಬೇಕು. ಬೋಲ್ಟ್ ತಲೆಯ ಆರು ಮುಖ, ಶಾಫ್ಟಿನ ನಾಲ್ಕು ಮುಖ ಇಷ್ಟೇ ಆದರೆ 24 ರಂಧ್ರಗಳ ನೇರ ಇಂಡೆಕ್ಸಿಂಗ್ ಹೆಡ್ ಸಾಕು. ನೇರ ಹಲ್ಲಿನ ಗೇರ್‌ಗಳಿಗೆ ವರ್ಮ್ ಇರುವ ಸಾದಾ ಹೆಡ್ ಬೇಕು. ಓರೆ ಹಲ್ಲಿನ ಗೇರ್ ಅಥವಾ 53, 61ರಂಥ ಸಂಖ್ಯೆಗಳು ಬರುವುದಾದರೆ ಚೇಂಜ್ ಗೇರ್‌ಗಳ ಸಹಿತ ಯೂನಿವರ್ಸಲ್ ಹೆಡ್ಡೇ ಗತಿ.

ಹೊಸದಕ್ಕೆ ಎಸ್.ಜೆ.ಪಿ. ರಸ್ತೆಯ ಯಂತ್ರೋಪಕರಣ ಅಂಗಡಿಗಳಿವೆ. ಹಳೆಯದನ್ನು ಕೊಳ್ಳುವವರು ಸ್ಪಿಂಡಲ್ ಮೇಲೆ ಗುರುತು ಹಾಕಿ ಹಿಡಿಯನ್ನು 40 ಸುತ್ತು ತಿರುಗಿಸಿ ನೋಡಬೇಕು. ಗುರುತು ಮೊದಲಿನ ಜಾಗಕ್ಕೇ ಬರಬೇಕು. ಬರದಿದ್ದರೆ ಅದರ ಅನುಪಾತ ಬೇರೆ, ಸೂತ್ರದಲ್ಲಿ 40ರ ಜಾಗಕ್ಕೆ ಆ ಸಂಖ್ಯೆಯನ್ನೇ ಹಾಕಬೇಕಾಗುತ್ತದೆ. ತಿರುಗಿಸುವಾಗ ಹಿಡಿ ಒಂದೆಡೆ ಸಡಿಲ, ಇನ್ನೊಂದೆಡೆ ಬಿಗಿಯಾದರೆ ವರ್ಮ್ ಚಕ್ರ ಅಸಮವಾಗಿ ಸವೆದಿದೆ ಎಂದರ್ಥ. ಎಲ್ಲೆಡೆ ಒಂದೇ ಸಮನಾದ ಸಡಿಲವನ್ನು ಸರಿಪಡಿಸಬಹುದು. ಅಸಮ ಸವೆತಕ್ಕೆ ಹೊಂದಾಣಿಕೆಯಿಂದ ಪರಿಹಾರವಿಲ್ಲ. ಪ್ಲೇಟುಗಳು, ಸೆಕ್ಟರ್, ಟೇಲ್‌ಸ್ಟಾಕ್ ಎಲ್ಲವೂ ಜೊತೆಗಿವೆಯೇ, ಬುಡದ ಕೀಲಿಗಳು ತಮ್ಮ ಯಂತ್ರದ ಟೇಬಲ್ ಗಾಡಿಗೆ ಕೂರುತ್ತವೆಯೇ ಎಂಬುದನ್ನೂ ಪರಿಶೀಲಿಸಬೇಕು. ಕೊರೆಯಬೇಕಾದ ಗೇರಿನ ವ್ಯಾಸ ಸೆಂಟರ್ ಎತ್ತರದ ಎರಡರಷ್ಟಕ್ಕಿಂತ ಕಡಿಮೆಯೇ ಇರಬೇಕೆಂಬುದೂ ನೆನಪಿರಲಿ.

ಕೂರಿಸುವಾಗ

ಬೆಂಗಳೂರಿನಲ್ಲೇ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, 1961ರಲ್ಲಿ ಸ್ಥಾಪನೆಯಾದ ಭಾರತ್ ಫ್ರಿಟ್ಜ್ ವರ್ನರ್ ತಯಾರಿಸಿದ ಮಿಲ್ಲಿಂಗ್ ಯಂತ್ರಗಳಿರಲಿ, ಬೇರಾವುದೇ ಇರಲಿ, ಕ್ರಮ ಒಂದೇ. ಟೇಬಲ್ಲನ್ನು ಚೊಕ್ಕಟಗೊಳಿಸಿ, ಹೆಡ್ಡಿನ ಬುಡದ ಉಬ್ಬುಗಳನ್ನು ತೆಗೆದು, ಕೀಲಿಗಳನ್ನು ಗಾಡಿಯಲ್ಲಿ ಕೂರಿಸಿ ಬೋಲ್ಟ್ ಬಿಗಿಯಬೇಕು. ಹೆಡ್ ಮತ್ತು ಟೇಲ್‌ಸ್ಟಾಕ್ ನಡುವೆ ನೇರವಾದ ಟೆಸ್ಟ್ ಬಾರ್ ಇಟ್ಟು, ಅದರ ಮೇಲ್ಭಾಗದಲ್ಲೂ ಪಕ್ಕದಲ್ಲೂ ಡಯಲ್ ಗೇಜ್ ಹಾಯಿಸಬೇಕು. ಎರಡೂ ತುದಿಗಳಲ್ಲಿ ಮುಳ್ಳು ಒಂದೇ ಅಂಕೆ ತೋರಿದರೆ ಜೋಡಣೆ ಸರಿಯಾಗಿದೆ. ಬಳಿಕ ಕಟರ್ ಗೇರ್ ಬ್ಲಾಂಕಿನ ನಡುಗೆರೆಗೆ ಬರುವಂತೆ ಮಾಡಬೇಕು.

ಹಿಡಿಯನ್ನು ಸದಾ ಒಂದೇ ದಿಕ್ಕಿಗೆ ತಿರುಗಿಸಬೇಕು. ರಂಧ್ರ ದಾಟಿಹೋದರೆ ಅರ್ಧ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಇಲ್ಲವಾದರೆ ವರ್ಮ್‌ನ ಸಡಿಲ ಹಲ್ಲಿನ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಕೊರೆಯುವ ಮುನ್ನ ಸ್ಪಿಂಡಲ್ ಲಾಕ್ ಬಿಗಿಯುವುದನ್ನೂ ತಿರುಗಿಸುವ ಮುನ್ನ ಸಡಿಲಿಸುವುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಪರೀಕ್ಷೆ. ನೇರವಾಗಿ ಪೂರ್ಣ ಆಳಕ್ಕೆ ಇಳಿಯದೆ, ಬ್ಲಾಂಕಿನ ಅಂಚಿನ ಸುತ್ತ 27 ತೆಳು ಗೀರುಗಳನ್ನು ಎಳೆದು, ಇನ್ನೊಮ್ಮೆ ಹಿಡಿ ತಿರುಗಿಸಬೇಕು. 28ನೆಯ ಗೀರು ಮೊದಲನೆಯದರ ಮೇಲೆಯೇ ಬಿದ್ದರೆ ಲೆಕ್ಕ, ಎಣಿಕೆ ಎರಡೂ ಸರಿ. ಬೀಳದಿದ್ದರೆ ನಷ್ಟವಾಗುವುದು ಕೆಲವು ನಿಮಿಷಗಳಷ್ಟೇ. ಗೀರು ಆಳಕ್ಕೆ ಇಳಿಯದಿರುವುದರಿಂದ ಅದೇ ಬ್ಲಾಂಕಿನ ಮೇಲೆ ಮತ್ತೆ ಕೆಲಸ ಆರಂಭಿಸಬಹುದು, ಗಿರಾಕಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬಹುದು.