ಪರರ ಮಕ್ಕಳಿಗೆ ಆಸರೆ, ತಮ್ಮ ಮಕ್ಕಳಿಗೆ ಅಗಲಿಕೆ

ಜತ್ತ ತಾಲೂಕಿನ ಜನರಿಗೆ ‘ಮಿಶನ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಿರಜದ ಆಸ್ಪತ್ರೆ ಕಣ್ಣ ಮುಂದೆ ನಿಲ್ಲುತ್ತದೆ. ಕೆನಡಾ ದೇಶದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಆರಂಭಿಸಿದ ಆ ಆಸ್ಪತ್ರೆಗೆ ನಮ್ಮ ಭಾಗದ ರೋಗಿಗಳು ತಲೆಮಾರುಗಳಿಂದ ಹೋಗಿಬಂದಿದ್ದಾರೆ. ಹೀಗೆ ಕಡಲಾಚೆಯಿಂದ ಬಂದ ವೈದ್ಯರ, ಶಿಕ್ಷಕರ, ನಿಘಂಟುಕಾರರ ಹೆಸರುಗಳು ನಮಗೆ ಗೊತ್ತು. ಆದರೆ ಅವರ ಮನೆಗಳಲ್ಲಿ ಹುಟ್ಟಿದ ಮಕ್ಕಳ ವಿಷಯ ನಮಗೆ ಅಷ್ಟಾಗಿ ತಿಳಿಯದು. ಪರದೇಶದ ಮಕ್ಕಳ ಸೇವೆಗೆಂದು ಹೊರಟ ಒಂದು ಕುಟುಂಬವು ತನ್ನ ಸ್ವಂತ ಮಕ್ಕಳ ಪಾಲಿಗೆ ಏನನ್ನು ಉಳಿಸಿತು ಎಂಬ ಪ್ರಶ್ನೆ ಇಂದಿನ ಜತ್ತ ತಾಲೂಕಿಗೂ ಸಂಬಂಧಿಸಿದ್ದೇ ಆಗಿದೆ.

ಸ್ವಿಟ್ಜರ್ಲಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೊದಲ ಮೂವರು ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಕೇಂದ್ರಗಳು ಆರಂಭವಾದವು. ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವನ್ನೂ, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನೂ ಬಲ್ಲದ ಕನ್ನಡಿಗನಿಲ್ಲ. ಇದೇ ಮಿಶನ್ನಿಗೆ ಸೇರಿದ ಹರ್ಮನ್ ಗುಂಡರ್ಟ್ ಎಂಬವರು ಮಂಗಳೂರಿನ ದಕ್ಷಿಣಕ್ಕೆ, ಮಲಬಾರಿನ ತಲಶ್ಶೇರಿಯಲ್ಲಿ, 1839ರಲ್ಲಿ ನೆಲೆಸಿದರು. ಮಲಯಾಳಂ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಈ ಜರ್ಮನ್ ಪಂಡಿತರು 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ತಪಾಸಣಾಧಿಕಾರಿಯಾಗಿಯೂ ನೇಮಕಗೊಂಡರು. ಅಂದರೆ ಕರಾವಳಿ ಕನ್ನಡದ ಮಕ್ಕಳ ಶಾಲೆಗಳೂ ಅವರ ಮೇಲ್ವಿಚಾರಣೆಗೆ ಒಳಪಟ್ಟವು.

ಅವರ ಪತ್ನಿ ಜೂಲಿ ದ್ಯುಬ್ವಾ ಫ್ರೆಂಚ್ ಮಾತೃಭಾಷೆಯ ಸ್ವಿಸ್ ಮಹಿಳೆ. 1838ರಲ್ಲಿ ಇಬ್ಬರ ವಿವಾಹವು ಭಾರತದ ನೆಲದಲ್ಲಿಯೇ ನಡೆಯಿತು. ತಲಶ್ಶೇರಿಗೆ ಬಂದ ಮೇಲೆ ಜೂಲಿಯವರು ಹೆಣ್ಣುಮಕ್ಕಳ ವಸತಿಶಾಲೆಯನ್ನು ನಡೆಸಿದರು. ಹೆಣ್ಣುಮಗು ಅಕ್ಷರ ಕಲಿತರೆ ಮನೆತನಕ್ಕೆ ಕೇಡೆಂದು ಬಹುಜನರು ನಂಬಿದ್ದ ಕಾಲವದು. ತಂದೆ ತಾಯಿ ಇಲ್ಲದ ಬಾಲಕಿಯರಿಗೆ ಅಲ್ಲಿ ಅನ್ನ, ಬಟ್ಟೆ, ಓದು, ಹೊಲಿಗೆ ದೊರೆಯಿತು. ಮುಂದೆ ಮುಲ್ಕಿ ಮೊದಲಾದೆಡೆ ಬಾಸೆಲ್ ಮಿಶನ್ ನಡೆಸಿದ ಅನಾಥಾಲಯಗಳ ಕ್ರಮವೂ ಇದೇ ಬಗೆಯದು. ಈ ಸೇವೆಯ ಹಿಂದೆ ಮತಪ್ರಚಾರದ ಉದ್ದೇಶವಿತ್ತೆಂಬುದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮರೆಯಬೇಕಿಲ್ಲ. ಅನ್ನವಿತ್ತ ಕೈಯೇ ಧರ್ಮವನ್ನೂ ಇತ್ತಾಗ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಒಂದು ಸಂಗತಿಯನ್ನು ಒಪ್ಪಲೇಬೇಕು. ಮಗುವಿಗೆ ಕಲಿಸಲು ಬಂದವರು ಮೊದಲು ಮಗುವಿನ ಭಾಷೆಯನ್ನು ತಾವು ಕಲಿತರು. ತಮ್ಮ ಭಾಷೆಯನ್ನು ಅದರ ಮೇಲೆ ಹೇರುವುದು ಅವರಿಗೆ ಸುಲಭದ ದಾರಿಯಾಗಿತ್ತು. ಆ ದಾರಿಯನ್ನು ಅವರು ಹಿಡಿಯಲಿಲ್ಲ.

ಈ ದಂಪತಿಗೆ 1842ರ ಅಕ್ಟೋಬರ್ 18ರಂದು ತಲಶ್ಶೇರಿಯಲ್ಲಿ ಮೇರಿ ಎಂಬ ಮಗಳು ಜನಿಸಿದಳು. 1840ರ ದಶಕದ ಮಧ್ಯದಲ್ಲಿ ಕುಟುಂಬವು ಯುರೋಪಿಗೆ ಹೋಯಿತು. ತಂದೆ ತಾಯಿ ಭಾರತಕ್ಕೆ ಮರಳಲು ಮತ್ತೆ ಹಡಗು ಹತ್ತಿದಾಗ ಬಾಲಕಿ ಮೇರಿ ಅಲ್ಲಿಯೇ ಉಳಿದಳು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲಿನ ಆ ದಿನಗಳಲ್ಲಿ ಕಾಗದವೊಂದು ಹೋಗಿ ಅದರ ಉತ್ತರ ಕೈಸೇರಲು ತಿಂಗಳುಗಳೇ ಬೇಕಾಗುತ್ತಿದ್ದವು. ಮಗುವಿಗೆ ಜ್ವರ ಬಂದ ಸುದ್ದಿ ತಾಯಿಗೆ ತಲಪುವಷ್ಟರಲ್ಲಿ ಆ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೆ ಮಗುವೇ ಇಲ್ಲವಾಗಿರುತ್ತಿತ್ತು. ಮೇರಿ ಭಾರತಕ್ಕೆ ಮರಳಿದ್ದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ನಡುವಿನ ಹತ್ತು ವರ್ಷ ಜೂಲಿಯವರು ತಲಶ್ಶೇರಿಯಲ್ಲಿ ಅನ್ಯರ ಹೆಣ್ಣುಮಕ್ಕಳ ತಲೆ ಬಾಚುತ್ತಿದ್ದಾಗ ಅವರ ಸ್ವಂತ ಮಗಳ ತಲೆ ಬಾಚಿದ ಕೈ ಬೇರೊಬ್ಬರದಾಗಿತ್ತು.

ಇದನ್ನು ಒಂದು ಮನೆತನದ ದುರ್ದೈವವೆಂದು ಬಗೆಯಬೇಕಾಗಿಲ್ಲ. 1853ರಿಂದ ಬಾಸೆಲ್ ಮಿಶನ್ ಇದನ್ನೊಂದು ಕಟ್ಟಳೆಯನ್ನಾಗಿಯೇ ಮಾಡಿತು. ಭಾರತ, ಆಫ್ರಿಕಾ ಮುಂತಾದ ಕ್ಷೇತ್ರಗಳಲ್ಲಿದ್ದ ಪ್ರಚಾರಕರ ಮಕ್ಕಳು ಶಾಲೆಯ ವಯಸ್ಸನ್ನು ಮುಟ್ಟಿದೊಡನೆ ಬಾಸೆಲ್ಲಿನ ‘ಮಕ್ಕಳ ಮನೆ’ಗೆ ಹೋಗಬೇಕಾಯಿತು. ಉಷ್ಣದೇಶದ ರೋಗಗಳ ಭಯ, ಯುರೋಪಿನ ಶಿಕ್ಷಣದ ಅಗತ್ಯ, ಪಾಲಕರು ಸೇವೆಗೆ ಪೂರ್ಣವಾಗಿ ದೊರೆಯಬೇಕೆಂಬ ಅಪೇಕ್ಷೆ, ಇವೆಲ್ಲ ಅದಕ್ಕೆ ಕಾರಣಗಳು. ಕಾರಣಗಳು ಸುಳ್ಳಾಗಿರಲಿಲ್ಲ. ವಿದೇಶೀಯರ ಸ್ಮಶಾನಗಳಲ್ಲಿ ಪುಟ್ಟ ಗೋರಿಗಳು ಬಹಳವಿದ್ದವು. ಆದರೆ ಆರೇಳು ವರ್ಷದ ಮಗುವಿಗೆ ಕಾರಣಗಳು ಅರ್ಥವಾಗುವುದಿಲ್ಲ, ತಾಯಿ ಇಲ್ಲವೆಂಬುದು ಮಾತ್ರ ಅರ್ಥವಾಗುತ್ತದೆ.

ಮೇರಿಯ ಮುಂದಿನ ಜೀವನವೂ ಇದೇ ದಾರಿಯಲ್ಲಿ ಸಾಗಿತು. ಆಕೆಯ ಮೊದಲ ಪತಿ ಚಾರ್ಲ್ಸ್ ಐಸೆನ್‌ಬರ್ಗ್ ಸಿಂಧ ಪ್ರಾಂತದಲ್ಲಿ ಮಿಶನರಿಯಾಗಿದ್ದರು, 1870ರಲ್ಲಿ ತೀರಿಕೊಂಡರು. ಎರಡು ಎಳೆಯ ಗಂಡುಮಕ್ಕಳ ವಿಧವೆ ತಾಯಿ 1874ರಲ್ಲಿ ಯೋಹಾನೆಸ್ ಹೆಸ್ಸೆ ಎಂಬವರನ್ನು ವರಿಸಿದರು. ಈ ಹೆಸ್ಸೆಯವರೂ 1869ರಿಂದ ಮಂಗಳೂರಿನಲ್ಲಿ ಸೇವೆಯಲ್ಲಿದ್ದು, ಪ್ರಕೃತಿ ಕೆಟ್ಟು 1873ರಲ್ಲಿ ತಾಯ್ನಾಡಿಗೆ ಮರಳಿದವರು. ಇವರ ಮಗನೇ ‘ಸಿದ್ಧಾರ್ಥ’ ಕಾದಂಬರಿಯ ಕರ್ತೃ, 1946ರ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ. ಈ ಬಾಲಕನನ್ನೂ 1884ರಲ್ಲಿ, ಆರೇಳು ವರ್ಷದವನಿದ್ದಾಗ, ಕೆಲವು ತಿಂಗಳು ಬಾಸೆಲ್ ಮಿಶನ್ನಿನ ಬಾಲಕರ ಮನೆಯಲ್ಲಿ ಇರಿಸಲಾಗಿತ್ತು. ತಂದೆ ತಾಯಿ ಅದೇ ಊರಿನಲ್ಲಿದ್ದರೂ ಅವನು ಮನೆಯ ಹೊರಗೆ ಬೆಳೆಯಬೇಕಾಯಿತು. ತಾನೇ ಅಗಲಿಕೆಯನ್ನು ಉಂಡ ತಾಯಿಯೂ ಮಗನನ್ನು ಹಾಗೆ ಕಳುಹಿಸಿದಳೆಂದರೆ ರೂಢಿಯ ಬಲ ಎಂಥದೆಂದು ತಿಳಿಯುತ್ತದೆ.

ವಕೀಲನಾದವನು ಇಂಥ ವಿಷಯವನ್ನು ಕಾನೂನಿನ ಕನ್ನಡಕದಿಂದಲೂ ನೋಡುತ್ತಾನೆ. ನಮ್ಮಲ್ಲಿ 1890ರ ಪಾಲಕ ಮತ್ತು ಪಾಲ್ಯರ ಅಧಿನಿಯಮ ಇಂದಿಗೂ ಜಾರಿಯಲ್ಲಿದೆ. ಅದರ 17ನೆಯ ಕಲಮಿನ ತಿರುಳು ಇಷ್ಟೇ: ಪಾಲಕನನ್ನು ನೇಮಿಸುವಾಗ ನ್ಯಾಯಾಲಯವು ಅಪ್ರಾಪ್ತ ಮಗುವಿನ ಕಲ್ಯಾಣವನ್ನು ನೋಡಬೇಕು. ತಂದೆ ಪುಣ್ಯವಂತನೇ, ತಾಯಿ ತ್ಯಾಗಮಯಿಯೇ ಎಂಬುದು ಅಲ್ಲಿ ಕೊನೆಯ ಮಾತಲ್ಲ. ಪಾಲಕರ ಪುಣ್ಯದ ಖಾತೆ ಬೇರೆ, ಮಗುವಿನ ಹಿತದ ಖಾತೆ ಬೇರೆ. ಒಂದರ ಜಮೆಯಿಂದ ಇನ್ನೊಂದರ ಸಾಲ ತೀರುವುದಿಲ್ಲ. ಗುಂಡರ್ಟ್ ದಂಪತಿ ತಲಶ್ಶೇರಿಯ ಬಾಲಕಿಯರಿಗೆ ಮಾಡಿದ್ದು ಉಪಕಾರ. ತಮ್ಮ ಮಗಳಿಗೆ ಹತ್ತು ವರ್ಷ ತಾವು ಸಿಗದೇ ಹೋದದ್ದು ಹಾನಿ. ಎರಡೂ ಸತ್ಯ.

ಈಗ ವಾಚಕರು ನಮ್ಮ ತಾಲೂಕಿನತ್ತ ದೃಷ್ಟಿ ಹೊರಳಿಸಬೇಕು. ಉಮದಿ, ಸಂಖ, ಗುಗ್ಗವಾಡ ಮುಂತಾದ ಕನ್ನಡ ಹಳ್ಳಿಗಳಿರುವ ಈ ಬರದ ಸೀಮೆಯಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಸಕ್ಕರೆ ಕಾರಖಾನೆಗಳ ಸೀಮೆಗೆ ಹೊರಡುತ್ತವೆ. ಮುಕಾದಮನಿಂದ ಉಚಲು ಪಡೆದ ಗಂಡ ಹೆಂಡತಿ ಹಂಗಾಮು ಮುಗಿಯುವವರೆಗೆ ಮನೆಗೆ ಮರಳುವಂತಿಲ್ಲ. ಮಕ್ಕಳಿಗೆ ಇರುವುದು ಎರಡೇ ದಾರಿ: ಅಜ್ಜ ಅಜ್ಜಿಯರ ಬಳಿ ಊರಲ್ಲಿ ಉಳಿಯುವುದು, ಇಲ್ಲವೆ ತಂದೆ ತಾಯಿಯ ಸಂಗಡ ಕಬ್ಬಿನ ಫಡದ ಕೊಪ್ಪಿಗೆ ಹೋಗುವುದು. ಉಳಿದರೆ ತಾಯಿ ಇಲ್ಲ, ಹೋದರೆ ಶಾಲೆ ಇಲ್ಲ. ಶಾಲೆ ಸಿಕ್ಕರೂ ಅಲ್ಲಿಯ ಪಾಠ ಮರಾಠಿಯಲ್ಲಿ. ಕನ್ನಡ ಶಾಲೆಯ ಮೂರನೆಯ ಇಯತ್ತೆಯ ಮಗು ಅಲ್ಲಿ ಮೂಕವಾಗಿ ಕೂರುತ್ತದೆ.

ಆ ಮಿಶನರಿ ಪಾಲಕರು ಶ್ರದ್ಧೆಯಿಂದ ಮಕ್ಕಳನ್ನು ಅಗಲಿದರು, ನಮ್ಮ ಪಾಲಕರು ಹೊಟ್ಟೆಪಾಡಿಗಾಗಿ ಅಗಲುತ್ತಾರೆ. ಅವರಿಗೆ ಸ್ವಲ್ಪವಾದರೂ ಆಯ್ಕೆ ಇತ್ತು, ಇವರಿಗೆ ಇಲ್ಲ. ಆದ್ದರಿಂದ ದೋಷವನ್ನು ಈ ತಾಯಂದಿರ ಮೇಲೆ ಹೊರಿಸುವುದು ಅನ್ಯಾಯ. ಹೊಣೆ ಸಮಾಜದ್ದು, ಸರಕಾರದ್ದು. ವಲಸೆ ಕುಟುಂಬಗಳ ಮಕ್ಕಳಿಗಾಗಿ ಊರಿನಲ್ಲಿಯೇ ಹಂಗಾಮಿ ವಸತಿಗೃಹ ನಡೆಸುವ ಯೋಜನೆ ಮಹಾರಾಷ್ಟ್ರದಲ್ಲಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಅ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 29ನೆಯ ಕಲಮು ಕೂಡ ಸಾಧ್ಯವಿದ್ದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿಯೇ ಬೋಧನೆ ನಡೆಯಬೇಕೆನ್ನುತ್ತದೆ. ಕನ್ನಡ ಹಳ್ಳಿಯ ವಸತಿಗೃಹದಲ್ಲಿ ಕನ್ನಡ ಬಲ್ಲ ಶಿಕ್ಷಕಿ ಇರಬೇಕೆಂದು ಕೇಳಲು ಇಷ್ಟು ಆಧಾರ ಸಾಕು. ಹಂಗಾಮು ಆರಂಭವಾಗುವ ಮೊದಲೇ ಶಾಲಾ ವ್ಯವಸ್ಥಾಪನ ಸಮಿತಿಗಳು ವಲಸೆ ಹೋಗುವ ಮನೆಗಳ ಯಾದಿ ಮಾಡಿ, ಠರಾವು ಪಾಸು ಮಾಡಿ, ತಾಲೂಕಿನ ಶಿಕ್ಷಣಾಧಿಕಾರಿಗಳಿಗೆ ಒಪ್ಪಿಸಿ ಪೋಚ್ ಪಡೆಯಬೇಕು. ಬಾಯಿಮಾತಿನ ಬೇಡಿಕೆಗೆ ಕಡತದಲ್ಲಿ ಸ್ಥಾನವಿಲ್ಲ.

ಗುಂಡರ್ಟ್ ಮನೆತನದಿಂದ ಕಲಿಯಬೇಕಾದ ಪಾಠಗಳು ಎರಡು. ಪರರ ಮಗುವಿನ ಸೇವೆ ಮಾಡಬಯಸುವವನು ಮೊದಲು ಆ ಮಗುವಿನ ಭಾಷೆಯನ್ನು ಕಲಿಯಬೇಕು ಎಂಬುದು ಜೂಲಿಯವರ ಶಾಲೆ ಕಲಿಸುವ ಪಾಠ. ಎಂಥ ಒಳ್ಳೆಯ ಕಾರಣವೇ ಇರಲಿ, ಅಗಲಿಕೆಯ ಬೆಲೆಯನ್ನು ತೆರುವುದು ಮಗುವೇ ಎಂಬುದು ಮೇರಿಯ ಬಾಲ್ಯ ಕಲಿಸುವ ಪಾಠ. ಮೊದಲನೆಯದನ್ನು ನಮ್ಮ ಶಿಕ್ಷಣ ಇಲಾಖೆಯೂ, ಎರಡನೆಯದನ್ನು ಉಚಲು ಕೊಟ್ಟು ಗಂಡ ಹೆಂಡತಿಯರನ್ನು ಒಯ್ಯುವ ಕಾರಖಾನೆಗಳ ಸೀಮೆಯೂ ಅರಿತರೆ, ಬರುವ ದೀಪಾವಳಿಯ ನಂತರ ನಮ್ಮ ಕೆಲವು ಮಕ್ಕಳಾದರೂ ಹಾಜರಿ ಪಟದಿಂದ ಕಾಣೆಯಾಗದೆ ಉಳಿದಾರು.